ಕಲ್ನಾರು ಶೀಟ್ ಇಳಿಸುವ ಮೊದಲು

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕಿ. ಮನೆ ಅರಸೀಕೆರೆ ಕಡೆ. ಮುಂದಿನ ಎರಡು ರೂಮಿಗೆ ಆರ್‌ಸಿಸಿ ಇದೆ. ಹಿಂದಿನ ನಡುಮನೆ, ಅಡುಗೆಮನೆ, ಕೊಟ್ಟಿಗೆ ಮೂರಕ್ಕೂ ಸಿಮೆಂಟ್ ಶೀಟ್. ಮಾವನವರು 1991ರಲ್ಲಿ ಹಾಕಿಸಿದ್ದು. ಈಗ ಮೇಲೆಲ್ಲ ಪಾಚಿ ಕಟ್ಟಿದೆ, ಎರಡು ಕಡೆ ಸೀಳು ಬಿಟ್ಟಿದೆ. ಮಳೆಗಾಲಕ್ಕೆ ಮುಂಚೆ ತೆಗೆಸಿ ಮೋಲ್ಡ್ ಹಾಕಿಸೋಣ ಅಂತಾರೆ ನಮ್ಮ ಮನೆಯವರು. ಮೇಸ್ತ್ರಿಯೂ ಬಂದು ನೋಡಿದರು. "ಸುತ್ತಿಗೇಲಿ ಒಡೆದು ಅರ್ಧ ದಿನಕ್ಕೆ ಮುಗಿಸ್ತೀವಿ, ಚೂರನ್ನೆಲ್ಲ ಅಂಗಳದ ಭರ್ತಿಗೆ ಹಾಕೋಣ" ಅಂದರು. ಕಳೆದ ತಿಂಗಳು ಸೋಲಾರ್ ಪೈಪ್ ಇಳಿಸಲು ಪ್ಲಂಬರ್ ಗ್ರೈಂಡರ್ ಹಿಡಿದು ಶೀಟ್ ಕೊಯ್ದಿದ್ದರು. ಪಾತ್ರೆ, ಹಿಟ್ಟಿನ ಡಬ್ಬ ಎಲ್ಲದರ ಮೇಲೂ ಬೂದು ಧೂಳು. ನಾನೇ ಪೊರಕೆ ತಗೊಂಡು ಗುಡಿಸಿದೆ. ಆಮೇಲೆ ಸಹೋದ್ಯೋಗಿಯೊಬ್ಬರು ಆ ಶೀಟಲ್ಲಿ ಕ್ಯಾನ್ಸರ್ ತರುವ ವಸ್ತು ಇದೆ ಅಂದರು. ಅವತ್ತಿಂದ ಸರಿಯಾಗಿ ನಿದ್ದೆ ಇಲ್ಲ. ಮಗಳಿಗೆ ಒಂಬತ್ತು ವರ್ಷ, ವೀಸಿಂಗ್ ಇದೆ. ಅತ್ತೆಯವರು ಮೂವತ್ತು ವರ್ಷ ಆ ನಡುಮನೆಯಲ್ಲೇ ಮಲಗಿದವರು. ಐದಾರು ತಿಂಗಳಿಂದ ಒಣಕೆಮ್ಮು, ಎಕ್ಸ್‌ರೇಯಲ್ಲಿ 'ಲಂಗ್ ಮಾರ್ಕಿಂಗ್ ಜಾಸ್ತಿ' ಅಂತ ಬಂದಿದೆ. ಮನೆಯವರು ಸಿಗರೇಟ್ ಸೇದುತ್ತಾರೆ. ಶೀಟಿನ ಮೇಲೆ ಬಿದ್ದ ಮಳೆನೀರು ಸಂಪಿಗೆ ಹೋಗುತ್ತದೆ, ಅದನ್ನೇ ಬಳಸುತ್ತೇವೆ. ನಾವೆಲ್ಲ ಸ್ಕ್ಯಾನ್ ಮಾಡಿಸಬೇಕಾ? ಶೀಟ್ ತೆಗೆಸಬೇಕಾ, ಬಿಡಬೇಕಾ? ಕೆಲಸದವರಿಗೂ ಈ ವಿಷಯ ಹೇಳಬೇಕಾ?

ಉತ್ತರ: ಮೇಡಂ, ಮೊದಲು ಮೇಸ್ತ್ರಿಗೆ ಫೋನ್ ಮಾಡಿ, ಸದ್ಯಕ್ಕೆ ಕೆಲಸ ಬೇಡ ಅನ್ನಿ. ಮೂವತ್ತು ವರ್ಷ ಅಲ್ಲೇ ಇದ್ದ ಶೀಟ್ ಇನ್ನೊಂದೆರಡು ವಾರ ಇದ್ದರೆ ಯಾರಿಗೂ ಏನೂ ಆಗುವುದಿಲ್ಲ. ನಿಮ್ಮ ಪತ್ರ ಓದುವಾಗ ನನಗೆ ನಿಜವಾಗಿ ದಿಗಿಲಾದದ್ದು ಆ ಸುತ್ತಿಗೆ ಮತ್ತು ಭರ್ತಿಯ ಮಾತು ಬಂದಾಗ. ಉಳಿದ ಪ್ರಶ್ನೆಗಳಿಗೆಲ್ಲ ಹೆಚ್ಚು ಕಡಿಮೆ ಸಮಾಧಾನದ ಉತ್ತರವೇ ಇದೆ.

ನಿಮ್ಮ ಚಿಂತೆ ಮೂರು ತರಹದ್ದು. ಇಷ್ಟು ವರ್ಷ ಅದರ ಕೆಳಗೆ ಬದುಕಿದ್ದಕ್ಕೆ ಏನಾಗಿರಬಹುದು ಅನ್ನುವುದು ಒಂದು. ಆ ಒಂದು ದಿನದ ಧೂಳು ಇನ್ನೊಂದು. ಇನ್ನು ಮುಂದೆ ತೆಗೆಸುವಾಗ ಏನಾಗುತ್ತದೆ ಅನ್ನುವುದು ಮೂರನೆಯದು. ನೀವು ನಿದ್ದೆ ಬಿಟ್ಟಿರುವುದು ಮೊದಲ ಎರಡಕ್ಕೆ. ನಾನಾಗಿದ್ದರೆ ಮೂರನೆಯದಕ್ಕೆ ಬಿಡುತ್ತಿದ್ದೆ.

ಶೀಟಲ್ಲಿ ಇರುವುದು ಏನು ಅಂತ ಹೇಳಿಬಿಡುತ್ತೇನೆ. ಕಲ್ನಾರು, ಅಂದರೆ ಆಸ್ಬೆಸ್ಟಾಸ್, ನೆಲದಿಂದ ತೆಗೆಯುವ ಖನಿಜ. ಕಲ್ಲೇ, ಆದರೆ ನಾರುನಾರಾಗಿ ಬಿಡಿಸಿಕೊಳ್ಳುತ್ತದೆ. ಬೆಂಕಿಗೆ ಸುಡುವುದಿಲ್ಲ, ಕೊಳೆಯುವುದಿಲ್ಲ, ಎಳೆದರೆ ಬೇಗ ಹರಿಯುವುದಿಲ್ಲ. ಇದರಲ್ಲಿ ಆರು ಬಗೆ. ನಮ್ಮ ಶೀಟಿಗೆ ಹಾಕುವುದು ಬಿಳಿ ಕಲ್ನಾರು, ಕ್ರೈಸೊಟೈಲ್. ಶೀಟಿನಲ್ಲಿ ಇದರ ಪಾಲು ಸುಮಾರು ಹತ್ತನೇ ಒಂದು ಭಾಗ, ಉಳಿದದ್ದು ಹೆಚ್ಚಾಗಿ ಸಿಮೆಂಟ್. ಹಿಂದಿನವರು ಗೋಡೆಯ ಮಣ್ಣಿಗೆ ಹುಲ್ಲು ಸೇರಿಸಿ ಕಲಸುತ್ತಿದ್ದರಲ್ಲ, ಇಲ್ಲಿ ನಾರಿನ ಕೆಲಸವೂ ಅದೇ. ಸಿಮೆಂಟ್ ಬಿರಿಯದಂತೆ ಹಿಡಿದಿಡುವುದು. ನಿಮ್ಮದು 1991ರ ಅಲೆಅಲೆಯ ಸಿಮೆಂಟ್ ಶೀಟ್. ಆ ಕಾಲದಲ್ಲಿ ಇಲ್ಲಿ ಮಾರಾಟವಾಗುತ್ತಿದ್ದ ಇಂಥ ಶೀಟಿಗೆ ಕಲ್ನಾರೇ ಜೀವಾಳ. ಎಲ್ಲೋ ಒಂದು ಮೂಲೆಯಲ್ಲಿ ಐಎಸ್ 459 ಅಂತ, ಅಂದರೆ ಕಲ್ನಾರು ಸಿಮೆಂಟ್ ಶೀಟಿನ ಭಾರತೀಯ ಮಾನಕದ ಮುದ್ರೆ ಕಂಡರೆ ಅನುಮಾನವೇ ಬೇಡ. ಪರೀಕ್ಷೆಗೆ ಅಂತ ಚೂರು ಮುರಿದು ಲ್ಯಾಬಿಗೆ ಕಳಿಸುವ ಖರ್ಚು ಸುಮ್ನೆ ದಂಡ. ಇದೆ ಅಂತಲೇ ಇಟ್ಟುಕೊಂಡು ಮುಂದಿನದು ಯೋಚಿಸಿ.

ನಾರು ಸಿಮೆಂಟಿನೊಳಗೆ ಸಿಕ್ಕಿಕೊಂಡಿರುವಷ್ಟು ದಿನ ನಿಮ್ಮ ಶ್ವಾಸಕ್ಕೆ ಬರುವುದಿಲ್ಲ. ತೊಂದರೆ ಶುರುವಾಗುವುದು ಕೊಯ್ದಾಗ, ಉಜ್ಜಿದಾಗ, ಒಡೆದಾಗ. ಆಗ ಎದ್ದ ಧೂಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನಾರುಗಳಿರುತ್ತವೆ. ಕಣ್ಣಿಗೆ ಕಂಡ ಧೂಳು ಹತ್ತು ನಿಮಿಷದಲ್ಲಿ ನೆಲಕ್ಕೆ ಕೂರುತ್ತದೆ. ಕಾಣದ ನಾರು ಗಂಟೆಗಟ್ಟಲೆ ತೇಲುತ್ತದೆ. ಉಸಿರಿನ ಜೊತೆ ಒಳಗೆ ಹೋದದ್ದು ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೂ ತಲುಪುತ್ತದೆ. ಅಲ್ಲಿ ಕಸ ತಿನ್ನುವ ಜೀವಕೋಶಗಳಿವೆ. ಚಿಕ್ಕ ಧೂಳಾದರೆ ನುಂಗಿಬಿಡುತ್ತವೆ. ಉದ್ದನೆಯ ನಾರನ್ನು ನುಂಗಲು ಹೋಗಿ ಆಗದೆ ತಾವೇ ಸಾಯುತ್ತವೆ. ಸಾಯುವಾಗ ಉರಿ ಹುಟ್ಟಿಸುವ ರಾಸಾಯನಿಕ ಚೆಲ್ಲುತ್ತವೆ. ವರ್ಷಗಟ್ಟಲೆ ಹೀಗೇ ನಡೆದರೆ ಶ್ವಾಸಕೋಶ ಗಾಯದ ಕಲೆ ಕಟ್ಟಿ ಗಡುಸಾಗುತ್ತದೆ. ಅದಕ್ಕೆ ಆಸ್ಬೆಸ್ಟೋಸಿಸ್ ಅನ್ನುತ್ತೇವೆ. ಕೆಲವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಆಗುತ್ತದೆ. ಶ್ವಾಸಕೋಶದ ಹೊದಿಕೆಗೆ ಬರುವ ಮೆಸೊಥೆಲಿಯೋಮಾ ಅನ್ನುವ ಕ್ಯಾನ್ಸರ್ ಅಪರೂಪದ್ದು, ಆದರೆ ಬಂತೆಂದರೆ ಹೆಚ್ಚಿನ ಪಾಲು ಕಲ್ನಾರಿನಿಂದಲೇ. ಧೂಳು ಕುಡಿದು 20ರಿಂದ 50 ವರ್ಷದ ಮೇಲೆ ಇದು ತಲೆ ಎತ್ತುತ್ತದೆ. ಈ ತಡವೇ ಎಲ್ಲರನ್ನೂ ಮೋಸ ಮಾಡುವುದು. ಇವತ್ತು ಶೀಟ್ ಕೊಯ್ದ ಹುಡುಗ ಸಂಜೆ ಊಟ ಮಾಡಿ ಆರಾಮಾಗಿ ಮಲಗುತ್ತಾನೆ. "ನೋಡಿ, ನನಗೇನಾಯ್ತು?" ಅಂತ ಕೇಳುತ್ತಾನೆ.

ಇನ್ನು ಬಾಯಿಂದ ಬಾಯಿಗೆ ಬರುವ ಮಾತುಗಳು. ಬಿಳಿ ಕಲ್ನಾರು ಏನೂ ಮಾಡುವುದಿಲ್ಲ, ನೀಲಿ ಮತ್ತು ಕಂದು ಬಗೆ ಮಾತ್ರ ಕೆಟ್ಟದ್ದು ಅಂತ ಅಂಗಡಿಯವರು ಹೇಳುತ್ತಾರೆ. ಇದರಲ್ಲಿ ಅರ್ಧ ಸತ್ಯ ಇದೆ. ಬಿಳಿ ನಾರು ಶ್ವಾಸಕೋಶದಲ್ಲಿ ನೀಲಿಯಷ್ಟು ದಿನ ಉಳಿಯುವುದಿಲ್ಲ. ಮೆಸೊಥೆಲಿಯೋಮಾ ತರುವುದರಲ್ಲಿ ನೀಲಿಯ ಕೈ ಜೋರು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಆರಕ್ಕೆ ಆರನ್ನೂ ಒಂದನೇ ಗುಂಪಿನಲ್ಲಿ ಇಟ್ಟಿದೆ. ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅನ್ನುವುದು ಖಚಿತ. ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಿತಿಯನ್ನೂ ಸಂಸ್ಥೆ ಕೊಟ್ಟಿಲ್ಲ. 60ಕ್ಕೂ ಹೆಚ್ಚು ದೇಶಗಳು ಇದನ್ನು ನಿಲ್ಲಿಸಿವೆ. ಯುರೋಪಿಯನ್ ಒಕ್ಕೂಟದಲ್ಲಿ 2005ರಿಂದ ನಿಷೇಧ ಇದೆ. ನಮ್ಮಲ್ಲಿ ಗಣಿಗೆ ಹೊಸ ಗುತ್ತಿಗೆ ಕೊಡುವುದನ್ನು 1986ರಲ್ಲೇ ನಿಲ್ಲಿಸಿದರು. ಆದರೆ ಹೊರದೇಶದ ನಾರು ತರಿಸಿ ಶೀಟ್ ಮಾಡುವುದಕ್ಕೆ, ಮಾರುವುದಕ್ಕೆ ಅಡ್ಡಿ ಇಲ್ಲ. ರಷ್ಯಾ, ಬ್ರೆಜಿಲ್, ಕಜಕಸ್ತಾನ್ ಕಡೆಯಿಂದ ಹಡಗಿನಲ್ಲಿ ಬರುತ್ತದೆ. ತಮಾಷೆ ಅಂದರೆ ಬ್ರೆಜಿಲ್ ತನ್ನ ದೇಶದೊಳಗೆ ಇದರ ಬಳಕೆಯನ್ನು 2017ರಲ್ಲೇ ನಿಲ್ಲಿಸಿದೆ. ಸರ್ಕಾರ ಮಾರಲು ಬಿಟ್ಟಿದೆ, ಅಂದಮೇಲೆ ಅಪಾಯ ಇಲ್ಲ ಅನ್ನುವ ವಾದ ಹಾಗಾಗಿ ನಿಲ್ಲುವುದಿಲ್ಲ. ಸರ್ಕಾರ ಸಿಗರೇಟನ್ನೂ ಮಾರಲು ಬಿಟ್ಟಿದೆ.

ಇನ್ನೊಂದು ತುದಿಯ ಮಾತೂ ಅಷ್ಟೇ ತಪ್ಪು. ಶೀಟಿನ ಕೆಳಗೆ ಮಲಗಿದರೆ ಸಾಕು, ಕ್ಯಾನ್ಸರ್ ಗ್ಯಾರಂಟಿ ಅನ್ನುವುದು. ಹಾಗಾಗಿದ್ದರೆ ನಮ್ಮ ಅರ್ಧ ರಾಜ್ಯ ಆಸ್ಪತ್ರೆಯಲ್ಲಿರಬೇಕಿತ್ತು. ಗಟ್ಟಿ ಇರುವ ಶೀಟಿನ ಕೆಳಗಿನ ಗಾಳಿಯಲ್ಲಿ ನಾರು ತೀರಾ ಕಡಿಮೆ. ಊರಿನ ಹೊರಗಾಳಿಯಲ್ಲಿ ಇರುವುದಕ್ಕೂ ಅದಕ್ಕೂ ದೊಡ್ಡ ಅಂತರ ಇರುವುದಿಲ್ಲ. ಎದೆರೋಗ ನೋಡುವ ನನ್ನ ಕೋಣೆಗೆ ಕಲ್ನಾರಿನ ಕಾಯಿಲೆ ಹೊತ್ತು ಬಂದವರು ಯಾರು ಅಂತ ನೆನೆಸಿಕೊಂಡರೆ, ಶೀಟ್ ಕಾರ್ಖಾನೆಯಲ್ಲಿ ನಾರಿನ ಚೀಲ ಸುರಿದವರು, ಗಿರಣಿಯ ಬಾಯ್ಲರಿಗೆ ಕಲ್ನಾರು ಹಗ್ಗ ಸುತ್ತಿದವರು, ಬ್ರೇಕ್ ಲೈನರ್ ಉಜ್ಜಿದವರು. ಶೀಟಿನ ಮನೆಯಲ್ಲಿ ವಾಸ ಇದ್ದದ್ದು ಬಿಟ್ಟರೆ ಬೇರೆ ಯಾವ ಕಾರಣವೂ ಇಲ್ಲದ ರೋಗಿ ನನ್ನ ಹತ್ತಿರ ಬಂದಿಲ್ಲ.

ಹಾಗಂತ ಕಾರ್ಖಾನೆಗೆ ಹೋಗದೆ ಮನೆಯಲ್ಲೇ ಇರುವವರಿಗೆ ಏನೂ ಆಗುವುದೇ ಇಲ್ಲ ಅಂತ ತಿಳಿಯಬೇಡಿ. 1960ರಲ್ಲಿ ದಕ್ಷಿಣ ಆಫ್ರಿಕಾದ ವ್ಯಾಗ್ನರ್ ಮತ್ತು ಅವರ ಜೊತೆಗಾರರು 33 ಮಂದಿ ಮೆಸೊಥೆಲಿಯೋಮಾ ರೋಗಿಗಳ ವಿವರ ಪ್ರಕಟಿಸಿದರು. ಕಲ್ನಾರಿಗೂ ಈ ಕ್ಯಾನ್ಸರಿಗೂ ಗಂಟು ಇದೆ ಅಂತ ಜಗತ್ತಿಗೆ ಗೊತ್ತಾದದ್ದು ಅಲ್ಲಿಂದ. ಆ 33ರಲ್ಲಿ ಎಲ್ಲರೂ ಗಣಿಯೊಳಗೆ ದುಡಿದವರಲ್ಲ. ಗಣಿಯ ಪಕ್ಕದ ಊರಲ್ಲಿ ಹುಟ್ಟಿ ಬೆಳೆದವರೂ ಇದ್ದರು. ಆಮೇಲಿನ ವರ್ಷಗಳಲ್ಲಿ ಬೇರೆ ದೇಶಗಳಲ್ಲೂ, ಗಂಡ ಕಾರ್ಖಾನೆಯಿಂದ ತಂದ ಧೂಳಿನ ಬಟ್ಟೆ ಒಗೆದ ಹೆಂಗಸರಿಗೆ ಇದೇ ಕಾಯಿಲೆ ಬಂತು. ಹಾಗಾಗಿ ಕೇಳಬೇಕಾದ್ದು ಎಷ್ಟು ಧೂಳು, ಎಷ್ಟು ದಿನ ಅಂತ. ಮನೆಯಾ ಕಾರ್ಖಾನೆಯಾ ಅನ್ನುವುದು ಆಮೇಲಿನ ಮಾತು.

ಈಗ ಆ ಗ್ರೈಂಡರಿನ ದಿನಕ್ಕೆ ಬರೋಣ. ಒಂದು ಸಲದ, ಹತ್ತಿಪ್ಪತ್ತು ನಿಮಿಷದ ಧೂಳು. ಆಗಬಾರದಿತ್ತು, ನಿಜ. ಆದರೆ ವರ್ಷಗಟ್ಟಲೆ ದಿನವಿಡೀ ಕುಡಿದವರ ಲೆಕ್ಕವನ್ನು ತಂದು ನಿಮ್ಮ ಮೇಲೆ ಹಾಕಿಕೊಳ್ಳಬೇಡಿ. ಆ ದಿನದಿಂದ ಏರಿದ ಅಪಾಯ ಅಳತೆಗೆ ಸಿಗದಷ್ಟು ಸಣ್ಣದು. ಪೊರಕೆಯ ಬದಲು ಒದ್ದೆ ಬಟ್ಟೆ ಹಿಡಿಯಬೇಕಿತ್ತು, ಅಷ್ಟೇ. ಈಗಲೂ ಒಂದು ಕೆಲಸ ಮಾಡಬಹುದು. ಅಟ್ಟದ ಮೇಲೆ, ಗೋಡೆಯ ತಲೆಯ ಮೇಲೆ, ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ ಆ ಧೂಳು ಇನ್ನೂ ಕೂತಿರಬಹುದು. ಹಳೆ ಬಟ್ಟೆ ನೆನೆಸಿ ಒರೆಸಿ, ಜಾಲಿಸಿ ಮತ್ತೆ ಬಳಸಬೇಡಿ, ಕವರಿಗೆ ಹಾಕಿ ಕಟ್ಟಿಬಿಡಿ. ವ್ಯಾಕ್ಯೂಮ್ ಕ್ಲೀನರ್ ಬೇಡ, ಮನೆಯಲ್ಲಿ ಬಳಸುವ ಮಾಮೂಲಿ ಯಂತ್ರ ಈ ನಾರನ್ನು ಹಿಂದಿನಿಂದ ಊದಿ ಹೊರಗೆ ಬಿಡುತ್ತದೆ. ಪಾತ್ರೆ ತೊಳೆದಿದ್ದೀರಿ, ಸಾಕು. ಬೆಲ್ಲ ತಿಂದರೆ ಎದೆಯ ಧೂಳು ಇಳಿದುಹೋಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಧೂಳು ಇರುವುದು ಶ್ವಾಸಕೋಶದಲ್ಲಿ. ರುಚಿಗೆ ತಿನ್ನಿ, ಅದಕ್ಕೇನೂ ಅಡ್ಡಿ ಇಲ್ಲ.

ಸ್ಕ್ಯಾನ್ ಬೇಡ. ಒಳಗೆ ಹೋದ ನಾಲ್ಕು ನಾರು ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ. ಕಂಡರೂ ತೆಗೆಯುವ ಔಷಧಿ ಇಲ್ಲ. ಏನೂ ತೊಂದರೆ ಇಲ್ಲದವರಿಗೆ, ಅದರಲ್ಲೂ ಒಂಬತ್ತು ವರ್ಷದ ಮಗುವಿಗೆ, ಸಿಟಿ ಸ್ಕ್ಯಾನ್ ಮಾಡಿಸಿದರೆ ಸಿಗುವುದು ವಿಕಿರಣ ಮತ್ತು ಬಿಲ್.

ಮನೆಯವರ ಸಿಗರೇಟಿನ ವಿಷಯ ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅಮೆರಿಕದಲ್ಲಿ ಕಲ್ನಾರು ಸುತ್ತುವ ಕೆಲಸಗಾರರ ಮೇಲೆ ಸೆಲಿಕಾಫ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ 1979ರಲ್ಲಿ ಪ್ರಕಟವಾಯಿತು. ಕಲ್ನಾರು, ಸಿಗರೇಟ್ ಎರಡೂ ಇಲ್ಲದವನಿಗೆ ಶ್ವಾಸಕೋಶ ಕ್ಯಾನ್ಸರಿನಿಂದ ಸಾಯುವ ಅಪಾಯ ಒಂದು ಅಂತ ಇಟ್ಟುಕೊಳ್ಳಿ. ಕಲ್ನಾರು ಮಾತ್ರ ಇದ್ದವನಿಗೆ ಅದು ಸುಮಾರು 5 ಪಟ್ಟು. ಸಿಗರೇಟ್ ಮಾತ್ರ ಇದ್ದವನಿಗೆ ಸುಮಾರು 11 ಪಟ್ಟು. ಎರಡೂ ಇದ್ದವನಿಗೆ 50 ಪಟ್ಟಿಗೂ ಜಾಸ್ತಿ. ಇವು ವರ್ಷಗಟ್ಟಲೆ ದಟ್ಟ ಧೂಳಲ್ಲಿ ದುಡಿದವರ ಅಂಕಿ, ನಿಮ್ಮ ಮನೆಗೆ ಹಾಗೇ ಅನ್ವಯಿಸಬೇಡಿ. ಆದರೂ ಒಂದು ನೋಡಿ. ಕಲ್ನಾರು ಕೆಲಸಗಾರನಿಗೂ ಕಲ್ನಾರಿಗಿಂತ ಸಿಗರೇಟೇ ದೊಡ್ಡ ಅಪಾಯವಾಗಿತ್ತು. ನಿಮ್ಮ ಮನೆಯಲ್ಲಿ ಶೀಟ್ ತೆಗೆಸುವುದಕ್ಕಿಂತ ಮೊದಲು ಆಗಬೇಕಾದ ಕೆಲಸ ಸಿಗರೇಟ್ ಬಿಡಿಸುವುದು. ಖರ್ಚೂ ಇಲ್ಲ, ಮೇಸ್ತ್ರಿಯೂ ಬೇಡ.

ಮಗಳ ವೀಸಿಂಗಿಗೂ ಕಲ್ನಾರಿಗೂ ಸಂಬಂಧ ಇಲ್ಲ. ಕಲ್ನಾರಿನಿಂದ ಅಸ್ತಮಾ ಬರುವುದಿಲ್ಲ. ಆದರೆ ಶೀಟಿನ ಮನೆಗೂ ಅಸ್ತಮಾಕ್ಕೂ ಸಂಬಂಧ ಇರಬಹುದು. ಸೀಳಿನಿಂದ ನೀರು ಇಳಿದು ಗೋಡೆ ತೇವ ಹಿಡಿದಿದ್ದರೆ ಬೂಷ್ಟು ಬರುತ್ತದೆ. ಅವಳು ಮಲಗುವ ಕಡೆ ಗೋಡೆಯ ಮೂಲೆ, ಬೀರುವಿನ ಹಿಂಬದಿ ನೋಡಿ. ಕಪ್ಪು ಚುಕ್ಕೆ ಇದೆಯಾ? ಅದರ ಜೊತೆಗೆ ಸೊಳ್ಳೆಬತ್ತಿ, ಊದಿನಕಡ್ಡಿ, ಅಪ್ಪನ ಸಿಗರೇಟ್. ಬೆದರಿಕೆ ಹುಟ್ಟಿಸುವ ಹೆಸರು ಕಲ್ನಾರಿಗಿದೆ ನಿಜ, ಆದರೆ ಅವಳ ಉಸಿರು ಕಟ್ಟಿಸುತ್ತಿರುವುದು ಈ ಪಟ್ಟಿಯಲ್ಲೇ ಯಾವುದೋ ಇರಬೇಕು. ಇನ್‌ಹೇಲರ್ ಕೊಟ್ಟಿದ್ದರೆ ನಿಲ್ಲಿಸಬೇಡಿ.

ಅತ್ತೆಯವರ ಕೆಮ್ಮನ್ನು ಮಾತ್ರ ಹಗುರಾಗಿ ತಗೊಳ್ಳಬೇಡಿ. 'ಲಂಗ್ ಮಾರ್ಕಿಂಗ್ ಜಾಸ್ತಿ' ಅನ್ನುವ ಸಾಲಿಗೆ ಅಂಥ ಅರ್ಥವೇನೂ ಇಲ್ಲ, ವಯಸ್ಸಾದವರ ಎಕ್ಸ್‌ರೇ ವರದಿಯಲ್ಲಿ ಆಗಾಗ ಕಾಣುತ್ತದೆ. ಆದರೆ ಆರು ತಿಂಗಳ ಕೆಮ್ಮಿಗೆ ಒಂದು ಕಾರಣ ಇದ್ದೇ ಇರುತ್ತದೆ. ಬಿಪಿ ಮಾತ್ರೆ ತಗೊಳ್ಳುತ್ತಾರಾ? ಎನಾಲಾಪ್ರಿಲ್, ರಾಮಿಪ್ರಿಲ್ ತರಹ 'ಪ್ರಿಲ್' ಅಂತ ಮುಗಿಯುವ ಹೆಸರಾ? ಹಾಗಿದ್ದರೆ ಒಣಕೆಮ್ಮಿಗೆ ಅದೇ ಕಾರಣ ಇರಬಹುದು. ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿದರೆ ಬೇರೆ ಮಾತ್ರೆಗೆ ಬದಲಾಯಿಸುತ್ತಾರೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸುವುದು ನಿಯಮ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಆಗುತ್ತದೆ. ಕ್ಷಯ ಅಲ್ಲ ಅಂತ ಖಾತ್ರಿಯಾಗಲಿ. ಸೌದೆ ಒಲೆಯ ಮುಂದೆ ಎಷ್ಟು ವರ್ಷ ಕೂತಿದ್ದರು ಅಂತಲೂ ಕೇಳಿ. ನಮ್ಮ ಹಳ್ಳಿಯ ಹೆಂಗಸರ ಶ್ವಾಸಕೋಶ ಕೆಡಿಸಿದ್ದರಲ್ಲಿ ಆ ಹೊಗೆಯ ಪಾಲು ಶೀಟಿಗಿಂತ ಬಹಳ ದೊಡ್ಡದು. ಎದೆಯ ಹಿಂಭಾಗ, ಕೆಳಗಡೆ ಸ್ಟೆಥೋಸ್ಕೋಪ್ ಇಟ್ಟಾಗ ಚರಚರ ಸದ್ದು ಕೇಳಿದರೆ, ನಾಲ್ಕು ಮೆಟ್ಟಿಲಿಗೇ ಏದುಸಿರು ಬಂದರೆ, ಬೆರಳ ತುದಿ ಊದಿಕೊಂಡಿದ್ದರೆ, ಆಗ ಸಿಟಿ ಮಾಡಿಸುವುದರಲ್ಲಿ ಅರ್ಥ ಇದೆ. ಮದುವೆಗೆ ಮುಂಚೆ ಅಥವಾ ಆಮೇಲೆ ಯಾವುದಾದರೂ ಕಾರ್ಖಾನೆ, ಗಣಿ, ಕ್ರಷರ್ ಕಡೆ ಕೆಲಸ ಮಾಡಿದ್ದರಾ ಅನ್ನುವುದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಅವರಾಗಿ ಕೇಳುವುದು ಕಡಿಮೆ.

ಮಳೆನೀರಿನ ಪ್ರಶ್ನೆಗೆ ಚಿಕ್ಕ ಉತ್ತರ. ನೀರಿನ ಜೊತೆ ಹೊಟ್ಟೆಗೆ ಹೋದ ಕಲ್ನಾರಿನಿಂದ ಕಾಯಿಲೆ ಬರುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸ್ನಾನಕ್ಕೆ, ಬಟ್ಟೆಗೆ, ಗಿಡಕ್ಕೆ ಧಾರಾಳವಾಗಿ ಬಳಸಿ. ಕುಡಿಯಲು ಮಾತ್ರ ಬೇಡ. ಕಾರಣ ಕಲ್ನಾರಲ್ಲ, ಪಾಚಿ ಮತ್ತು ಹಕ್ಕಿ ಹಿಕ್ಕೆ. ನಾನು ಹೆಚ್ಚು ಯೋಚಿಸುವುದು ಶೀಟಿನ ತುದಿಯಿಂದ ನೀರು ಸುರಿದು ಕೆಳಗೆ ಗೆರೆ ಕಟ್ಟಿದ ಜಾಗದ ಬಗ್ಗೆ. ಹಳೆ ಶೀಟಿನ ಸಿಮೆಂಟ್ ಸವೆದು ಅಲ್ಲಿ ಬೂದು ಕೆಸರು ಕೂತಿರುತ್ತದೆ. ಒಣಗಿದ ಮೇಲೆ ಅದನ್ನು ಗುಡಿಸಬೇಡಿ. ನೀರು ಹಾಕಿ ಸಲಿಕೆಯಲ್ಲಿ ಎತ್ತಿ ಚೀಲಕ್ಕೆ ತುಂಬಿಡಿ, ಶೀಟಿನ ಜೊತೆಗೇ ಅದೂ ಹೋಗಲಿ.

ಈಗ ಮುಖ್ಯವಾದದ್ದು. ತೆಗೆಸುವುದಾ, ಬಿಡುವುದಾ?

ಗಟ್ಟಿ ಇದ್ದರೆ ಬಿಡಿ ಅನ್ನುವುದು ನನ್ನ ಮೊದಲ ಸಲಹೆ. ಬಿಡುವುದು ಅಂದರೆ ನಿಜವಾಗಿ ಮುಟ್ಟದೆ ಬಿಡುವುದು. ಪಾಚಿ ಕೆರೆಯಬಾರದು, ತಂತಿ ಬ್ರಷ್ ಹಾಕಬಾರದು, ಕಾರು ತೊಳೆಯುವ ಪ್ರೆಷರ್ ಪಂಪ್ ಹಿಡಿಯಬಾರದು. ಡಿಶ್‌ಗೆ, ಫ್ಯಾನಿಗೆ ತೂತು ಕೊರೆಯಬಾರದು. ಸೌದೆ ಒಲೆ ಶೀಟಿಗೆ ಹತ್ತಿರ ಇರಬಾರದು, ಜಾಸ್ತಿ ಕಾದರೆ ಶೀಟ್ ಪಟಾರನೆ ಸಿಡಿಯುತ್ತದೆ. ಶೀಟಿನ ಚೂರನ್ನು ಹಂಡೆ ಒಲೆಗೆ ಹಾಕಿ ಪಟಾಕಿ ಸದ್ದು ಕೇಳುವ ಆಟ ಮಕ್ಕಳಿಗೆ ಬಹಳ ಇಷ್ಟ. ಕುಂಟೆಬಿಲ್ಲೆಗೂ ಅದೇ ಚೂರನ್ನು ನೆಲಕ್ಕೆ ತಿಕ್ಕಿ ದುಂಡಗೆ ಮಾಡಿಕೊಳ್ಳುತ್ತಾರೆ. ಆ ತಿಕ್ಕಿದ ಪುಡಿಯಲ್ಲಿ ಗ್ರೈಂಡರಿನ ಧೂಳಲ್ಲಿ ಇದ್ದದ್ದೇ ಇರುತ್ತದೆ. ನಿಮ್ಮ ಶಾಲೆಯ ಅಂಗಳದಲ್ಲೂ ಒಮ್ಮೆ ಕಣ್ಣಾಡಿಸಿ.

ಬಣ್ಣ ಬಳಿದು ಉಳಿಸಿಕೊಳ್ಳುವುದು ಎರಡನೆಯ ದಾರಿ. ಮೇಲ್ಮೈ ಇನ್ನೂ ಗಟ್ಟಿಯಿದ್ದು ಬರೀ ಒರಟಾಗಿದ್ದರೆ ಇದು ಕೆಲವು ವರ್ಷ ಕಾಪಾಡುತ್ತದೆ. ನಿಮ್ಮಲ್ಲಿ ಸೀಳೇ ಬಿಟ್ಟಿದೆ, ಅದಕ್ಕೆ ಬಣ್ಣದ ಖರ್ಚು ಬೇಡ ಅನ್ನಿಸುತ್ತದೆ. ಹಳೆ ಶೀಟಿನ ಮೇಲೇ ಬಣ್ಣದ ತಗಡು ಹೊದಿಸುತ್ತೇವೆ ಅಂತ ಕೆಲವರು ಬರುತ್ತಾರೆ. ಸುಲಭ ಅನ್ನಿಸುತ್ತದೆ, ಆದರೆ ತಗಡು ಬಿಗಿಯಲು ಹಳೆ ಶೀಟಿಗೆ ಡಜನ್‌ಗಟ್ಟಲೆ ತೂತು ಹೊಡೆಯಬೇಕು. ಮೂವತ್ತು ವರ್ಷದ ಹಳೆ ಮರದ ಪಕಾಸಿ ಎರಡರ ಭಾರ ತಡೆಯಬೇಕು. ನನಗೆ ಒಪ್ಪಿಗೆಯಿಲ್ಲ.

ಹಾಗಾಗಿ ನಡುಮನೆ, ಅಡುಗೆಮನೆಯದನ್ನು ತೆಗೆಸಿ. ಕೊಟ್ಟಿಗೆಯದು ಸೀಳಿಲ್ಲದಿದ್ದರೆ ಈ ವರ್ಷ ಹಾಗೇ ಇರಲಿ. ಗೋಡೆ ಆರ್‌ಸಿಸಿ ಭಾರ ಹೊರುತ್ತದಾ ಅಂತ ಇಂಜಿನಿಯರ್ ಒಬ್ಬರಿಗೆ ತೋರಿಸಿ, ಅದು ನನ್ನ ವಿದ್ಯೆ ಅಲ್ಲ. ಹೊರದಿದ್ದರೆ ಬಣ್ಣದ ತಗಡು, ಮಂಗಳೂರು ಹೆಂಚು, ಕಲ್ನಾರಿಲ್ಲದ ಫೈಬರ್ ಸಿಮೆಂಟ್ ಶೀಟ್, ಯಾವುದಾದರೂ ಆಗುತ್ತದೆ.

ತೆಗೆಸುವಾಗ ಕ್ಯಾನ್ಸರಿಗಿಂತ ಮೊದಲು ಬರುವ ಅಪಾಯ ಒಂದಿದೆ. ಬೀಳುವುದು. ಹಳೆ ಶೀಟಿನ ಮೇಲೆ ಕಾಲಿಟ್ಟರೆ ಸದ್ದಿಲ್ಲದೆ ಒಡೆದು ಮನುಷ್ಯ ನೇರ ನೆಲಕ್ಕೆ ಬರುತ್ತಾನೆ. ಬೆನ್ನುಮೂಳೆ ಮುರಿದುಕೊಂಡು ಆಸ್ಪತ್ರೆಗೆ ಬಂದವರನ್ನು ಪ್ರತಿ ಮಳೆಗಾಲದ ಮುಂಚೆ ನೋಡುತ್ತೇವೆ. ನೆನೆಸಿದ ಶೀಟಂತೂ ಪಾಚಿಯ ಜೊತೆ ಸೇರಿ ಜಾರುತ್ತದೆ. ಹಾಗಾಗಿ ಯಾರೂ ಮೇಲೆ ಹತ್ತಬಾರದು. ಒಳಗಡೆಯಿಂದ ಸಾರವೆ ಕಟ್ಟಿ, ಕೆಳಗಿನಿಂದಲೇ ಬೋಲ್ಟ್ ಬಿಚ್ಚಿ ಶೀಟ್ ಇಳಿಸಬೇಕು.

ನೆನೆಸುವುದಕ್ಕೆ ನಿಮ್ಮ ಕಡೆ ಎಲ್ಲರ ಮನೆಯಲ್ಲೂ ಸಿಗುವ, ಬೆನ್ನಿಗೆ ಹಾಕಿಕೊಳ್ಳುವ ಔಷಧಿ ಪಂಪ್ ಸಾಕು. ಚೆನ್ನಾಗಿ ತೊಳೆದು, ನೀರಿಗೆ ಒಂದೆರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಸೋಪು ಬೆರೆತ ನೀರು ಒಳಗೆ ಇಳಿಯುತ್ತದೆ, ಬರೀ ನೀರು ಜಾರಿಹೋಗುತ್ತದೆ. ಮಂಜಿನಂತೆ ಮೆಲ್ಲಗೆ ಹೊಡೆಯಿರಿ. ಶೀಟನ್ನು ಹಿಡಿದಿರುವ ಕೊಕ್ಕೆಯಂಥ ಜೆ ಬೋಲ್ಟ್ ತುಕ್ಕು ಹಿಡಿದು ತಿರುಗದಿದ್ದರೆ ಹ್ಯಾಕ್ಸಾ ಬ್ಲೇಡಿನಲ್ಲಿ ಬೋಲ್ಟನ್ನು ಕೊಯ್ಯಲಿ, ಶೀಟನ್ನಲ್ಲ. ಗ್ರೈಂಡರ್ ಮನೆಯೊಳಗೆ ಬರಲೇಬಾರದು. ಒಂದೊಂದೇ ಶೀಟನ್ನು ಇಬ್ಬರು ಹಿಡಿದು ಇಳಿಸಬೇಕು, ಮೇಲಿನಿಂದ ಎಸೆಯಬಾರದು. ಕೆಳಗೆ ಟಾರ್ಪಾಲ್ ಹಾಸಿರಲಿ. ಮುಂಚೆಯೇ ಅಕ್ಕಿ, ಬೇಳೆ, ಹಾಸಿಗೆ, ಬಟ್ಟೆ ಎಲ್ಲ ಮುಂದಿನ ರೂಮಿಗೆ ಸಾಗಿಸಿ ಬಾಗಿಲಿಗೆ ಪ್ಲಾಸ್ಟಿಕ್ ಅಂಟಿಸಿ. ಅತ್ತೆಯವರೂ ಮಗಳೂ ಆ ದಿನ ನೆಂಟರ ಮನೆಯಲ್ಲಿರಲಿ, ಹಸುವನ್ನೂ ಬೇರೆ ಕಡೆ ಕಟ್ಟಿ.

ಮೂಗಿಗೆ ಟವೆಲ್ ಸುತ್ತಿದರೆ ಪ್ರಯೋಜನ ಇಲ್ಲ. ಆಸ್ಪತ್ರೆಯ ನೀಲಿ ಮಾಸ್ಕ್ ಕೂಡ ಅಷ್ಟೇ. ತೀರಾ ಸಣ್ಣ ಧೂಳನ್ನೂ ತಡೆಯುವ ಪಿ100 ಫಿಲ್ಟರ್ ಇರುವ ಅರ್ಧಮುಖದ ಮಾಸ್ಕ್ ಸರಿಯಾದದ್ದು, ಸುರಕ್ಷಾ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಅದು ಸಿಗದೇ ಹೋದರೆ ಎನ್95. ಅದು ಎರಡನೇ ದರ್ಜೆಯದು, ಏನೂ ಇಲ್ಲದ್ದಕ್ಕಿಂತ ವಾಸಿ. ಗಡ್ಡ ಇದ್ದವರಿಗೆ ಎರಡೂ ಕೂರುವುದಿಲ್ಲ. ಉದ್ದ ತೋಳಿನ ಹಳೆ ಬಟ್ಟೆ ಹಾಕಿಕೊಂಡು ಕೆಲಸ ಮುಗಿದ ಮೇಲೆ ಅಲ್ಲೇ ಬಿಚ್ಚಿ, ಶೀಟಿನ ಜೊತೆ ಕಟ್ಟಿಬಿಡಲಿ. ಸ್ನಾನಕ್ಕೆ ನೀರು ನೀವೇ ಕಾಯಿಸಿ ಕೊಡಿ. ಆ ಬಟ್ಟೆ ಅವರ ಮನೆಗೆ ಹೋಗಿ ಅವರ ಹೆಂಡತಿ ಕೊಡವಿ ಒಗೆಯುವಂತಾಗಬಾರದು.

ಭರ್ತಿಗೆ ಹಾಕುವುದು ಖಂಡಿತ ಬೇಡ. ಒಡೆದ ಚೂರು ಅಂಗಳದಲ್ಲಿ ಕಾಲಿಗೆ, ಟ್ರ್ಯಾಕ್ಟರ್ ಚಕ್ರಕ್ಕೆ ಸಿಕ್ಕಿ ವರ್ಷವರ್ಷ ಪುಡಿಯಾಗುತ್ತದೆ. ನಲ್ಲಿಗೆ ಅಂತ ಯಾವತ್ತೋ ನೆಲ ಅಗೆದಾಗ ಮತ್ತೆ ಮೇಲೆ ಬರುತ್ತದೆ. ಇಡೀ ಶೀಟನ್ನು ಯಾರಿಗಾದರೂ ಕೊಟ್ಟರೆ ಅವರು ಅದನ್ನು ಕೊಯ್ದೇ ಕೊಯ್ಯುತ್ತಾರೆ, ತೊಂದರೆ ಮನೆ ಬದಲಾಯಿಸಿತು ಅಷ್ಟೇ. ಹಾಗಾದರೆ ಎಲ್ಲಿಗೆ ಹಾಕಬೇಕು? ಇಲ್ಲಿ ನಮ್ಮ ವ್ಯವಸ್ಥೆ ಕೈಕೊಡುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪಟ್ಟಿಯಲ್ಲಿ ಬಿಸಾಡಿದ ಕಲ್ನಾರೂ ಇದೆ. ಆದರೆ ಆ ಪಟ್ಟಿ ಕಾರ್ಖಾನೆಗಳನ್ನು ಮನಸ್ಸಲ್ಲಿಟ್ಟು ಬರೆದದ್ದು. ಒಂದು ಮನೆಯ ಶೀಟನ್ನು ಬಂದು ಒಯ್ಯುವ ಗಾಡಿ ಸಣ್ಣ ಊರುಗಳಲ್ಲಿ ಇಲ್ಲ. ನನ್ನ ಸಲಹೆ ಇಷ್ಟು. ಶೀಟನ್ನು ಒಡೆಯದೆ, ಒದ್ದೆಯಿರುವಾಗಲೇ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಟೇಪ್ ಹಾಕಿ. ಮೇಲೆ 'ಕಲ್ನಾರು, ಒಡೆಯಬೇಡಿ' ಅಂತ ದೊಡ್ಡದಾಗಿ ಬರೆದು, ಯಾರೂ ಓಡಾಡದ ಮೂಲೆಯಲ್ಲಿ ಪೇರಿಸಿಡಿ. ನಗರಸಭೆ ಅಥವಾ ಪಂಚಾಯಿತಿಗೂ, ಜಿಲ್ಲೆಯ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೂ ಅರ್ಜಿ ಕೊಟ್ಟು ಎಲ್ಲಿಗೆ ಒಪ್ಪಿಸಬೇಕು ಅಂತ ಬರಹದಲ್ಲಿ ಕೇಳಿ, ಸ್ವೀಕೃತಿ ತಗೊಳ್ಳಿ. ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು. ಹಿಡಿಯಲಿ, ಸುತ್ತಿಟ್ಟ ಶೀಟ್ ಯಾರ ತಂಟೆಗೂ ಬರುವುದಿಲ್ಲ.

ಕೆಲಸದವರಿಗೆ ಹೇಳಬೇಕಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಹೇಳಲೇಬೇಕು, ನಿಮಗಿಂತ ಅವರಿಗೇ ಇದು ಜಾಸ್ತಿ ಬೇಕಾದ ಮಾತು. ನಿಮ್ಮ ಮನೆಯ ಶೀಟ್ ನಿಮಗೆ ಜೀವಮಾನಕ್ಕೆ ಒಂದು ಸಲ. ಮೇಸ್ತ್ರಿಯ ಹುಡುಗರಿಗೆ, ಆ ಪ್ಲಂಬರಿಗೆ, ತಿಂಗಳಿಗೆಷ್ಟೋ ಮನೆ. ಕಾರ್ಖಾನೆಯ ಕೆಲಸಗಾರರಿಗಾದರೂ ಸುಪ್ರೀಂ ಕೋರ್ಟು 1995ರ ತೀರ್ಪಿನಲ್ಲಿ ಒಂದು ಆಸರೆ ಕೊಟ್ಟಿದೆ. ಅವರ ಆರೋಗ್ಯ ದಾಖಲೆಯನ್ನು 40 ವರ್ಷ ಕಾಪಾಡಬೇಕು, ಕಾಯಿಲೆಗೆ ಪರಿಹಾರ ಕೊಡಬೇಕು ಅಂತ. ಶೀಟ್ ಒಡೆಯುವ ದಿನಗೂಲಿಯವನ ಹೆಸರು ಯಾವ ದಾಖಲೆಯಲ್ಲೂ ಇರುವುದಿಲ್ಲ. ಮೂವತ್ತು ವರ್ಷ ಬಿಟ್ಟು ಉಸಿರು ಕಟ್ಟಿದಾಗ ಎಲ್ಲಿಂದ ಬಂತು ಅಂತ ಅವನಿಗೂ ಗೊತ್ತಾಗುವುದಿಲ್ಲ, ಎದುರಿಗೆ ಕೂತ ನನ್ನಂಥವರಿಗೂ ಗೊತ್ತಾಗುವುದಿಲ್ಲ. ಪ್ಲಂಬರಿಗೆ ಇಷ್ಟು ಹೇಳಿ. ತೂತು ಹಾಕಲೇಬೇಕಾದರೆ ಆ ಜಾಗಕ್ಕೆ ದಪ್ಪಗೆ ಶೇವಿಂಗ್ ಕ್ರೀಮ್ ಬಳಿದು ಕೈಯಲ್ಲಿ ತಿರುಗಿಸುವ ಡ್ರಿಲ್ ಬಳಸಲಿ, ಪುಡಿ ಕ್ರೀಮಿಗೇ ಅಂಟಿಕೊಳ್ಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬಹುದು.

ಮೇಸ್ತ್ರಿಯ ಜೊತೆ ಮಾತಾಡುವಾಗ ಗುತ್ತಿಗೆ ಬೇಡ, ದಿನಗೂಲಿಗೆ ಒಪ್ಪಿಸಿ. ಗುತ್ತಿಗೆ ಅಂದರೆ ಬೇಗ ಮುಗಿಸುವ ಆತುರ, ಆತುರ ಬಂದರೆ ಸುತ್ತಿಗೆ ಕೈಗೆ ಬರುತ್ತದೆ. ಅರ್ಧ ದಿನದ ಕೆಲಸ ಎರಡು ದಿನ ಆಗುತ್ತದೆ, ಆ ಎರಡು ದಿನದ ಕೂಲಿಯೂ ಮಾಸ್ಕಿನ ಖರ್ಚೂ ನಿಮ್ಮದೇ ಇರಲಿ. ಇಷ್ಟು ಹೇಳಿಯೂ ಅವರು ಒಪ್ಪದಿದ್ದರೆ ಬೇರೆ ಮೇಸ್ತ್ರಿಯನ್ನು ನೋಡಿ.